ಊರು ನೋಡುವ ಬನ್ನಿ: ಆಸ್‌ವೆಸ್ಟ್ರಿಯಲ್ಲಿ ಐದು ದಿನ

ನಮ್ಮ ಗಡಿನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಮುಖ ನೋಡಲೆಂದೋ ತಂದೆತಾಯಿಗಳು ಹೊರಡುತ್ತಾರೆ. ಎರಡು ಮೂರು ತಿಂಗಳು ಅಲ್ಲಿ ತಂಗುತ್ತಾರೆ. ಮಕ್ಕಳು ಲಂಡನ್ನಿನಲ್ಲಿದ್ದರೆ ಸರಿ. ಎಲ್ಲಿಯೋ ಹಳ್ಳಿಗಾಡಿನ ನಡುವಿನ ಸಣ್ಣ ಪಟ್ಟಣದಲ್ಲಿದ್ದರೆ, ಮಕ್ಕಳು ಬೆಳಗ್ಗೆ ಕೆಲಸಕ್ಕೆ ಹೋದ ಮೇಲೆ ಹಿರಿಯರಿಗೆ ಕಿಟಕಿಯೇ ಗತಿ. ಮರಳಿ ಬಂದವರನ್ನು ವಿಚಾರಿಸಿದರೆ, “ಅಲ್ಲಿ ನೋಡುವುದಕ್ಕೆ ಏನಿದೆ, ಮಳೆ ಮತ್ತು ಕುರಿ” ಎನ್ನುತ್ತಾರೆ.

ಈ ಮಾತು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ತೋರಿಸಲು ಈ ಸಲ ಶ್ರಾಪ್‌ಷೈರ್ ಪ್ರಾಂತದ ಆಸ್‌ವೆಸ್ಟ್ರಿ ಎಂಬ ಸಂತೆಯೂರನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ಮೂಳೆ ಚಿಕಿತ್ಸೆಗೆ ಹೆಸರಾದ ದೊಡ್ಡ ಆಸ್ಪತ್ರೆಯೊಂದಿದೆ. ಆಗ್ನೆಸ್ ಹಂಟ್ ಎಂಬ ದಾದಿ 1900ರಲ್ಲಿ ಬೇರೊಂದು ಹಳ್ಳಿಯಲ್ಲಿ ಆರಂಭಿಸಿದ ಈ ಸಂಸ್ಥೆ 1921ರಲ್ಲಿ ಇಲ್ಲಿಗೆ ಬಂದಿತು. ಆದರೆ ನಾವು ಈ ಊರನ್ನು ಆರಿಸಲು ಬೇರೆಯೇ ಕಾರಣವಿದೆ. ಇದು ನಮ್ಮಂತೆಯೇ ಗಡಿಯಲ್ಲಿ ನಿಂತ ಊರು. ಇಂಗ್ಲೆಂಡಿನೊಳಗಿದ್ದರೂ ವೇಲ್ಸ್ ನಾಡಿನ ಎಲ್ಲೆ ಇಲ್ಲಿಂದ ಕೆಲವೇ ಮೈಲಿ.

ಮೊದಲನೆಯ ದಿನವನ್ನು ಊರಿನೊಳಗೇ ಕಳೆಯಿರಿ. ಅದು ಬುಧವಾರವಾದರೆ ಉತ್ತಮ. 1190ರಲ್ಲಿ ದೊರೆತ ಹಕ್ಕಿನಂತೆ ಬುಧವಾರ ಇಲ್ಲಿ ಸಂತೆಯ ದಿನ. ಹಣ್ಣು, ತರಕಾರಿ, ಗಿಣ್ಣು ಕೊಂಡುಕೊಂಡು ಸಂತ ಆಸ್ವಾಲ್ಡನ ಇಗರ್ಜಿಯತ್ತ ನಡೆಯಬಹುದು. 642ರಲ್ಲಿ ನಡೆದ ಯುದ್ಧದಲ್ಲಿ ಮಡಿದ ಆಸ್ವಾಲ್ಡ್ ದೊರೆಯ ಹೆಸರೇ ಊರಿಗೆ ಬಂದಿದೆ. ಇಂಗ್ಲಿಷಿನಲ್ಲಿ ಅದು ‘ಆಸ್ವಾಲ್ಡನ ಮರ’, ವೆಲ್ಷ್ ಭಾಷೆಯಲ್ಲಿ ‘ಆಸ್ವಾಲ್ಡನ ಶಿಲುಬೆ’. ಹಕ್ಕಿಯೊಂದು ಕಚ್ಚಿಕೊಂಡು ಹಾರಿದ ದೊರೆಯ ತೋಳು ಬಿದ್ದ ಜಾಗದಲ್ಲಿ ಚಿಲುಮೆ ಎದ್ದಿತೆಂದು ಐತಿಹ್ಯವಿದೆ. ಆ ಬಾವಿಯನ್ನು ಇಂದಿಗೂ ನೋಡಬಹುದು.

ಇಗರ್ಜಿಯ ಪಕ್ಕದಲ್ಲಿ ಕೈ ಗ್ಲಾಸ್ ಎಂಬ ಉದ್ಯಾನವಿದೆ. ಹೆಸರು ವೆಲ್ಷ್; ಹಸಿರು ಹೊಲವೆಂದು ಅರ್ಥ. ಅಲ್ಲಿ ಕುಳಿತು ಈ ಊರಿನ ಮಗ ವಿಲ್ಫ್ರೆಡ್ ಓವೆನ್‌ನನ್ನು ನೆನೆಯಬೇಕು. 1893ರಲ್ಲಿ ಇಲ್ಲಿ ಹುಟ್ಟಿದ ಈ ಕವಿ, ಮೊದಲ ಮಹಾಯುದ್ಧ ಮುಗಿಯಲು ಒಂದೇ ವಾರ ಉಳಿದಿರುವಾಗ, 1918ರ ನವೆಂಬರ್ 4ರಂದು ರಣರಂಗದಲ್ಲಿ ಮಡಿದನು. ಯುದ್ಧ ನಿಂತಿತೆಂದು ಗಂಟೆಗಳು ಮೊಳಗುತ್ತಿದ್ದ ದಿನವೇ ತಾಯಿಗೆ ಮರಣವಾರ್ತೆ ತಲುಪಿತು. ರಣರಂಗಕ್ಕೆ ಕೊನೆಯ ಬಾರಿ ಹೊರಡುವಾಗ ಮಗನು ತನ್ನೆದುರು ಹೇಳಿದ್ದು ರವೀಂದ್ರರ ಮಾತನ್ನೆಂದು ಆ ತಾಯಿ 1920ರಲ್ಲಿ ರವೀಂದ್ರನಾಥ ಠಾಕೂರರಿಗೇ ಕಾಗದ ಬರೆದು ತಿಳಿಸಿದ್ದರು. ಅಪರಿಚಿತ ಊರಿನಲ್ಲಿ ಇಂಥದೊಂದು ಸಂಗತಿ ತಿಳಿದಾಗ ನಾವು ಪೂರ್ತಿ ಪರಕೀಯರಲ್ಲವೆಂಬ ಭಾವ ಮೂಡುತ್ತದೆ.

ಎರಡನೆಯ ದಿನ ಹಳೆಯ ಆಸ್‌ವೆಸ್ಟ್ರಿಯ ಗುಡ್ಡ. ಊರಿನ ಉತ್ತರಕ್ಕೆ ಸುಮಾರು ಒಂದು ಮೈಲಿ, ಪ್ರವೇಶಶುಲ್ಕವಿಲ್ಲ. ಕಬ್ಬಿಣ ಯುಗದ ಜನರು ಒಂದರ ಸುತ್ತ ಇನ್ನೊಂದಾಗಿ ಎತ್ತಿದ ಮಣ್ಣಿನ ಕೋಟೆಗಳು ಎರಡೂವರೆ ಸಾವಿರ ವರ್ಷಗಳ ಮಳೆಯನ್ನು ತಡೆದುಕೊಂಡು ನಿಂತಿವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರು ಕಂದಕ ತೋಡುವ ಅಭ್ಯಾಸ ಮಾಡಿದ್ದೂ ಇಲ್ಲಿಯೇ. ಕಲ್ಲಿನ ಕೋಟೆಗಳನ್ನು ಕಂಡ ನಮ್ಮ ಕಣ್ಣಿಗೆ ಇದು ಮೊದಲು ಬರಿಯ ಹುಲ್ಲುದಿಬ್ಬವೆಂದೇ ತೋರೀತು. ನೆತ್ತಿಯ ಮೇಲೆ ಒಂದು ಸುತ್ತು ನಡೆದರೆ ಕಟ್ಟಿದವರ ಶ್ರಮದ ಅಂದಾಜು ಸಿಗುತ್ತದೆ. ಹುಲ್ಲು ಜಾರುವುದರಿಂದ ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ.

ಮೂರನೆಯ ದಿನ ಪಶ್ಚಿಮದ ಬೆಟ್ಟದ ಮೇಲಿನ ಹಳೆಯ ಕುದುರೆಪಂದ್ಯದ ಬಯಲಿಗೆ ಹೋಗಿರಿ. ಎರಡೂ ಕಡೆಯ ಜಮೀನುದಾರರು ಕಲೆಯುತ್ತಿದ್ದ ಈ ಬಯಲಿನಲ್ಲಿ 1848ರ ಬಳಿಕ ಪಂದ್ಯ ನಡೆದಿಲ್ಲ. ಈಗ ಅಲ್ಲೊಂದು ಎರಡು ತಲೆಯ ಕಲ್ಲಿನ ಕುದುರೆಯಿದೆ. ಒಂದು ಮುಖ ಇಂಗ್ಲೆಂಡಿನತ್ತ, ಇನ್ನೊಂದು ವೇಲ್ಸಿನತ್ತ. ಗಡಿನಾಡಿನವರಾದ ನಮಗೆ ಆ ವಿಗ್ರಹದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಅದೇ ಎತ್ತರದಲ್ಲಿ ಆಫಾ ದೊರೆಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಮಣ್ಣಿನ ಏರಿ ಹಾದುಹೋಗುತ್ತದೆ. ಎರಡು ನಾಡುಗಳನ್ನು ಬೇರ್ಪಡಿಸಲು ಕಟ್ಟಿದ ಅದರ ಗುಂಟ 1971ರಲ್ಲಿ 177 ಮೈಲಿ ಉದ್ದದ ಕಾಲುದಾರಿಯನ್ನು ತೆರೆದರು. ಬೇರ್ಪಡಿಸಿದ ಗೆರೆಯೇ ಜನರು ಕೂಡಿ ನಡೆಯುವ ದಾರಿಯಾಯಿತು.

ನಾಲ್ಕನೆಯ ದಿನಕ್ಕೆ ಕಾಲುವೆ. ಆಸ್‌ವೆಸ್ಟ್ರಿಯ ರೈಲುನಿಲ್ದಾಣ 1966ರಲ್ಲಿ ಪ್ರಯಾಣಿಕರಿಗೆ ಮುಚ್ಚಿತು; ಆದ್ದರಿಂದ ಪಕ್ಕದ ಗೊಬೊವೆನ್‌ಗೆ ಹೋಗಿ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ವೇಲ್ಸಿನ ಚರ್ಕ್. ಅಲ್ಲಿ ದೋಣಿ ಹೋಗುವ ಕಾಲುವೆಯನ್ನು ಕಣಿವೆಯ ಮೇಲೆ 70 ಅಡಿ ಎತ್ತರದಲ್ಲಿ ಸೇತುವೆ ಕಟ್ಟಿ ದಾಟಿಸಿದ್ದಾರೆ. 1801ರ ಈ ಕಟ್ಟಡ ಎಂಜಿನಿಯರ್ ಥಾಮಸ್ ಟೆಲ್ಫರ್ಡನ ಕೆಲಸ. ಕೆಳಗೆ ಹರಿಯುವ ಹೊಳೆಯೇ ಗಡಿ; ಸೇತುವೆಯ ಒಂದು ತುದಿ ವೇಲ್ಸ್, ಇನ್ನೊಂದು ಇಂಗ್ಲೆಂಡ್. ನಿಲ್ದಾಣದ ಬಳಿಯ ಸುರಂಗದೊಳಗೆ ಕತ್ತಲಿರುವುದರಿಂದ ಟಾರ್ಚು ಬೇಕು. ನಡೆಯುವ ಶಕ್ತಿಯುಳ್ಳವರು ಕಾಲುವೆಯ ದಂಡೆಯಲ್ಲಿಯೇ ಸುಮಾರು ನಾಲ್ಕು ಮೈಲಿ ಉತ್ತರಕ್ಕೆ ಸಾಗಿದರೆ 1805ರ ಪೊಂಟ್‌ಕಸಲ್ತೆ ಸೇತುವೆ ಸಿಗುತ್ತದೆ. 38 ಮೀಟರ್ ಎತ್ತರದ ಕಂಬಗಳ ಮೇಲೆ 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ. ಅದರಲ್ಲಿ ನೀರು, ನೀರಿನಲ್ಲಿ ದೋಣಿ. 2009ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಡೆಯುವ ಕಡೆ ಕಟಾಂಜನವಿದೆ, ಇನ್ನೊಂದು ಕಡೆ ಇಲ್ಲ. ತಲೆಸುತ್ತು ಇರುವವರು ದಡದಿಂದಲೇ ನೋಡುವುದು ಕ್ಷೇಮ.

ಐದನೆಯದು ರಜೆಯ ದಿನವಾಗಲಿ, ಮಕ್ಕಳೂ ಜೊತೆಗಿರಲಿ. ಕಾರಿನಲ್ಲಿ ವೇಲ್ಸಿನ ಲಾನ್‌ರೈಯಾಡರ್ ಎಂಬ ಹಳ್ಳಿಗೆ ಹೋಗಿ, ಅಲ್ಲಿಂದ ನಾಲ್ಕು ಮೈಲಿ ಆಚೆಗೆ ಸುಮಾರು 240 ಅಡಿ ಎತ್ತರದಿಂದ ಧುಮುಕುವ ಜಲಪಾತವನ್ನು ನೋಡಿರಿ. ಜೋಗ ಕಂಡವರಿಗೆ ಜಲಪಾತ ಸಣ್ಣದೆನಿಸಬಹುದು. ಹಳ್ಳಿಯ ಇಗರ್ಜಿ ಸಣ್ಣದಲ್ಲ. ಅಲ್ಲಿ ಪಾದ್ರಿಯಾಗಿದ್ದ ವಿಲಿಯಂ ಮಾರ್ಗನ್ ಪೂರ್ತಿ ಬೈಬಲ್ಲನ್ನು ವೆಲ್ಷ್ ಭಾಷೆಗೆ ತಂದು 1588ರಲ್ಲಿ ಅಚ್ಚು ಮಾಡಿಸಿದನು. ಒಂದು ಭಾಷೆ ಉಳಿದುಬರಲು ಆ ಗ್ರಂಥ ಬಹುಮಟ್ಟಿಗೆ ಕಾರಣವೆಂದು ವಿದ್ವಾಂಸರು ಎಣಿಸುತ್ತಾರೆ.

ಹೀಗೆ ಐದು ದಿನ ಕಳೆದ ಮೇಲೆ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ಊರನ್ನು ನೋಡಿರಿ. 1536ರ ಕಾಯಿದೆಯು ಆಸ್‌ವೆಸ್ಟ್ರಿಯನ್ನು ಶ್ರಾಪ್‌ಷೈರಿಗೆ ಸೇರಿಸಿತು. ವೇಲ್ಸಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷೇ ಎಂದು ವಿಧಿಸಿದ್ದೂ ಅದೇ ಕಾಯಿದೆ. ಆದರೂ ಗಡಿಯ ಈಚೆಗೆ ಉಳಿದ ವೆಲ್ಷ್ ಜನರು ಮಾತು ಬಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವೆಲ್ಷ್ ಪುಸ್ತಕಗಳು ಈ ಇಂಗ್ಲಿಷ್ ಊರಿನ ಮುದ್ರಣಾಲಯಗಳಿಂದ ಹೊರಬರುತ್ತಿದ್ದವು. ಟ್ರೆಫೊನೆನ್, ಲ್ಯಾನಿಬ್ಲಾಡ್ವೆಲ್ ಮುಂತಾದ ಸುತ್ತಲಿನ ಹಳ್ಳಿಗಳು ಇಂಗ್ಲೆಂಡಿನಲ್ಲಿದ್ದರೂ ಅವುಗಳ ಹೆಸರುಗಳು ವೆಲ್ಷ್. 2011ರಲ್ಲಿ ವೇಲ್ಸಿನಲ್ಲಿ ವೆಲ್ಷ್ ಭಾಷೆಗೆ ಅಧಿಕೃತ ಸ್ಥಾನ ದೊರೆಯಿತು. ಆ ಹಕ್ಕು ಗಡಿಯಲ್ಲಿಯೇ ನಿಂತಿತು. ಈಚೆಗಿರುವವರಿಗೆ ಸರಕಾರದ ಆಸರೆಯಿಲ್ಲ. ಮನೆ, ಮಂದಿರ, ಮುದ್ರಣ, ಊರಿನ ಹೆಸರು, ಇವೇ ಆಸರೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ನಾವು ಕಂಡದ್ದೂ ಇದನ್ನೇ ಅಲ್ಲವೆ? ನಮ್ಮ ಮಂಜೇಶ್ವರ, ಕುಂಬಳೆ, ಪೆರಡಾಲಗಳ ಹೆಸರುಗಳನ್ನು ಸರಿಯಾಗಿ ಬರೆಯುವುದು, ಉಚ್ಚರಿಸುವುದು, ಅವುಗಳ ಕಥೆಯನ್ನು ಮಕ್ಕಳಿಗೆ ಹೇಳುವುದು ಸಣ್ಣ ಕೆಲಸವಲ್ಲ. ಆದುದರಿಂದ ಆಸ್‌ವೆಸ್ಟ್ರಿಯ ಮೊಮ್ಮಗು ಅಜ್ಜನನ್ನು ಗುಡ್ಡದ ಕೋಟೆಗೆ ಕೈಹಿಡಿದು ಕರೆದೊಯ್ಯಲಿ. ಅದೇ ಮಗು ರಜೆಯಲ್ಲಿ ಊರಿಗೆ ಬಂದಾಗ ಅಜ್ಜನು ಅದನ್ನು ಮಂಜೇಶ್ವರದ ಗೋವಿಂದ ಪೈಗಳ ಮನೆಗೂ ಅನಂತಪುರದ ಕೆರೆಯ ನಡುವಣ ದೇವಾಲಯಕ್ಕೂ ಕರೆದೊಯ್ಯಲಿ. “ಇಲ್ಲಿ ನೋಡುವುದಕ್ಕೆ ಏನಿದೆ” ಎಂಬ ಮಾತು ಎರಡೂ ಕಡೆ ನಿಲ್ಲಲಿ.

ಇಂಗ್ಲೆಂಡಿನ ಬೇರೆ ಸಣ್ಣ ಊರುಗಳಲ್ಲಿ ತಂಗಿ ಬಂದ ಓದುಗರು ತಮ್ಮ ಅನುಭವವನ್ನು ನಮಗೆ ಬರೆದು ಕಳುಹಿಸಬೇಕೆಂದು ವಿನಂತಿ.