ಹಡಗಿನ ವಿಹಾರವೂ ಹೆಚ್ಚಿನ ದಿನಗಳೂ

ತುಮಕೂರು, ಗುಬ್ಬಿ, ಕುಣಿಗಲಿನ ಕಡೆಯಿಂದ ಸಿಂಗಪುರಕ್ಕೆ ಹೋಗಿ ವಿಹಾರದ ಹಡಗನ್ನೇರಲೆಣಿಸುವ ಗೃಹಸ್ಥರು ವಿಮಾನದ ಟಿಕೆಟನ್ನೂ ಹಡಗಿನ ಕಂಪೆನಿಯಿಂದಲೇ ಪಡೆಯಬಹುದೆ? ಕಂಪೆನಿಯಲ್ಲಿ ಅಂತಹ ಏರ್ಪಾಡಿದ್ದರೆ ಪಡೆಯಬಹುದು. ವಿಮಾನವು ತಡವಾದಾಗ ಮುಂದಿನ ಬಂದರಿನಲ್ಲಿಯಾದರೂ ಹಡಗನ್ನು ಸೇರಿಸುವ ಹೊಣೆಯನ್ನು ಕೆಲವು ಕಂಪೆನಿಗಳು ಹೊರುತ್ತವೆ.

ಆದರೆ ಬಂಧುಗಳ ಮನೆಯಲ್ಲಿ ನಾಲ್ಕು ದಿನ ಹೆಚ್ಚಾಗಿ ನಿಲ್ಲಬೇಕೆಂದರೆ ಪ್ರತ್ಯೇಕ ಶುಲ್ಕ ಬಿದ್ದೀತು. ನಿಲ್ದಾಣದಿಂದ ಬಂದರಿಗೆ ಒಯ್ಯುವ ವಾಹನವೂ ತಪ್ಪೀತು. ಹಣ ಕಟ್ಟುವ ಮೊದಲೇ ಇವೆಲ್ಲವನ್ನೂ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಹಡಗು ಅನ್ಯದೇಶಕ್ಕೆ ಹೋಗಿ ಬರುವುದರಿಂದ, ಸಿಂಗಪುರವನ್ನು ಮರಳಿ ಪ್ರವೇಶಿಸಲು ವೀಸಾದಲ್ಲಿ ಅವಕಾಶವಿದೆಯೇ ಎಂಬುದನ್ನೂ ನೋಡಿರಿ.

ಒಂದೇ ದಿನವನ್ನು ಕೂಡಿಸುವ ಶಕ್ತಿಯಿದ್ದರೆ ಹಡಗು ಹೊರಡುವ ಮುನ್ನವೇ ಕೂಡಿಸಿರಿ. ದೇವನಹಳ್ಳಿಯ ವಿಮಾನ ತಡವಾದೀತು. ಹಡಗು ಯಾರಿಗಾಗಿಯೂ ಕಾಯದು.