ಕಲ್ಲು ನಿಂತಲ್ಲೇ ನಿಲ್ಲಲಿ

ಜಮೀನಿನಲ್ಲಿ ಹಳೇ ಕಲ್ಲು ಇದೆ ಅಂದರೆ ನಮ್ಮಲ್ಲಿ ಮೊದಲು ಬರೋ ಮಾತು, ‘ಸುಮ್ಮನಿರು ಮಾರಾಯ, ಸರಕಾರಕ್ಕೆ ಗೊತ್ತಾದ್ರೆ ಜಾಗ ಹೋಯ್ತು’. ಈ ಹೆದರಿಕೆಯೇ ಕಲ್ಲಿಗೆ ಮುಳುವು.

ಹೊಸನಗರ ತಾಲೂಕಿನ ನಿಲಸ್ಕಲ್, ಬೈಸೆಗಳಲ್ಲಿ ಯಾರೋ ದೊಡ್ಡ ದೊಡ್ಡ ಕಲ್ಲು ನೆಟ್ಟು ಹೋಗಿದ್ದಾರೆ. ಕಬ್ಬಿಣ ಬಳಕೆಗೆ ಬಂದ ಕಾಲದವು ಅನ್ನುವುದು ವಿದ್ವಾಂಸರ ಅಂದಾಜು. ಯಾಕೆ ನೆಟ್ಟರು? ಬರಹ ಇಲ್ಲ. ಇಂಥ ಕಲ್ಲುಗಳನ್ನು ಸತ್ತವರ ನೆನಪಿಗೆ ನಿಲ್ಲಿಸಿದ್ದು ಅನ್ನುವವರಿದ್ದಾರೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತಿತರರು ಇಲ್ಲಿ ಅಳತೆ ಮಾಡಿ ನೋಡಿದರು. ಕೆಲವು ಕಲ್ಲುಗಳ ನೇರ ಹಿಡಿದು ನೋಡಿದರೆ ಜೂನ್ 21, ಡಿಸೆಂಬರ್ 21ರ ಆಸುಪಾಸು ಸೂರ್ಯ ಹುಟ್ಟುವ, ಮುಳುಗುವ ಜಾಗ ಸಿಗುತ್ತದೆ ಎಂದು ಬರೆದರು.

ಕೃಷಿಕನಾಗಿ ನನಗೊಂದು ಸಂಶಯ. ಆರಿದ್ರಾ ಮಳೆ ಹೊತ್ತಿಗೆ ಮಲೆನಾಡಲ್ಲಿ ಸೂರ್ಯನ ಮುಖ ಕಾಣೋದೇ ಅಪರೂಪ. ಪಂಚಾಂಗವೇ ಆಗಿದ್ದರೆ ಡಿಸೆಂಬರಿನ ಗುರುತೇ ಹೆಚ್ಚು ಉಪಯೋಗಕ್ಕೆ ಬಂದಿರಬೇಕು. ಅಲ್ಲಿಂದ ದಿನ ಎಣಿಸಿ ಬಿತ್ತನೆಗೆ ಅಣಿಯಾಗುತ್ತಿದ್ದರೋ ಏನೋ.

ಇದನ್ನೆಲ್ಲ ಪರೀಕ್ಷಿಸಬೇಕಾದರೆ ಕಲ್ಲು ನಿಂತ ಜಾಗ, ಮುಖ ಮಾಡಿದ ದಿಕ್ಕು ಎರಡೂ ಕದಲಬಾರದು. ಕಿತ್ತು ಬೇಲಿ ಮೂಲೆಗೆ ಹಾಕಿದರೆ ಕಲ್ಲು ಉಳಿಯಿತು, ಲೆಕ್ಕ ಹೋಯಿತು. ಮ್ಯೂಸಿಯಮ್ಮಿಗೆ ಒಯ್ದರೂ ಅಷ್ಟೇ.

ಇನ್ನು ಕಾಯ್ದೆ. ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲಿನಂಥ ಕೇಂದ್ರ ಸರಕಾರದ ರಕ್ಷಿತ ಜಾಗಗಳಿಗೆ 1958ರ ಕಾಯ್ದೆ ಇದೆ. ಅದರ 19ನೇ ಕಲಮಿನ ಪ್ರಕಾರ ಅಲ್ಲಿ ಕಟ್ಟಡ, ಗಣಿ, ಸಿಡಿಮದ್ದು, ಅಗೆತ ಕೂಡದು. ಆದರೆ ಮೇಲಿನ ಒಂದು ಅಡಿ ಮಣ್ಣು ಮೀರದ ಬೇಸಾಯಕ್ಕೆ ಅಡ್ಡಿಯಿಲ್ಲ ಅಂತ ಅದೇ ಕಲಮು ಹೇಳುತ್ತದೆ! ಅಂದರೆ ಭತ್ತ, ರಾಗಿ, ಉದ್ದು ಆದೀತು. ಅಡಿಕೆ ಗುಂಡಿ, ಬೋರ್‌ವೆಲ್ ಆಗದು. 2010ರ ತಿದ್ದುಪಡಿ ನಂತರ ಸುತ್ತಲ 100 ಮೀಟರಿನಲ್ಲಿ ಹೊಸ ಮನೆಯನ್ನೂ ಕಟ್ಟುವ ಹಾಗಿಲ್ಲ. ಸಣ್ಣ ಹಿಡುವಳಿದಾರನಿಗೆ ಇದು ನಿಜವಾದ ನಷ್ಟ, ಅದಕ್ಕೆ ಪರಿಹಾರ ಕೇಳೋಣ.

ಜೊತೆಗೆ ಇನ್ನೊಂದು ಬೇಡಿಕೆ. ರಕ್ಷಿತ ಜಾಗದ ಬೋರ್ಡಿನಲ್ಲಿ ಶಿಕ್ಷೆ, ದಂಡದ ವಿವರದಷ್ಟೇ ದಪ್ಪ ಅಕ್ಷರದಲ್ಲಿ ರೈತ ಏನೇನು ಮಾಡಬಹುದು ಅಂತಲೂ ಕನ್ನಡದಲ್ಲಿ ಬರೆಸಲಿ. ಹೆದರಿಕೆ ಹೋದರೆ ಕಲ್ಲು ಕಾಯಲು ನಮಗಿಂತ ಬೇರೆ ಕಾವಲುಗಾರ ಬೇಕೇ?

ಅಲ್ಲಿವರೆಗೆ ನಮ್ಮಿಂದ ಆಗುವಷ್ಟು ಮಾಡೋಣ. ಬುಡ ಅಗೆಯೋದು ಬೇಡ, ಹತ್ತಿರ ಕಸಕ್ಕೆ ಬೆಂಕಿ ಹಾಕೋದು ಬೇಡ. ಶಾಖಕ್ಕೆ ಕಲ್ಲು ಬಿರಿಯುತ್ತದೆ. ಜೆಸಿಬಿ ಕರೆಸುವ ಮುಂಚೆ ಡ್ರೈವರಿಗೆ ಕಲ್ಲು ತೋರಿಸಿಬಿಡಿ.