ಸೀಟು ಸಿಕ್ಕಿತು, ಕ್ಲಾಸು ಸಿಗಲಿಲ್ಲ

ಡಿಗ್ರಿಗೆ ಕಾಲಿಡುವ ವಯಸ್ಸು 18. ಅಂಗವಿಕಲರ ಹಕ್ಕುಗಳ ಕಾಯ್ದೆ ಕೈ ಸಡಿಲಿಸುವ ವಯಸ್ಸೂ ಅದೇ.

2016ರ ಈ ಕಾಯ್ದೆ ಶಾಲೆಯ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡುತ್ತೆ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಿ ಮಕ್ಕಳನ್ನು ಗುರುತಿಸಿ, 18ರವರೆಗೆ ಪುಸ್ತಕ, ಉಪಕರಣ ಉಚಿತವಾಗಿ ಕೊಡಿ ಅನ್ನುತ್ತೆ. ಹಳ್ಳಿ ಶಾಲೆಗಳಲ್ಲಿ ಇದೆಷ್ಟು ಜಾರಿಯಾಗಿದೆ ಅನ್ನೋದು ಬೇರೆ ಜಗಳ. ಹುಡುಕಿಕೊಂಡು ಹೋಗುವ ಹೊಣೆಯಂತೂ ಸರ್ಕಾರದ್ದು.

ಕಾಲೇಜಿನಲ್ಲಿ ಇದು ತಿರುಗುಮುರುಗು. ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಮಿಕ್ಕಿದ್ದಕ್ಕೆ ನೀವೇ ಅರ್ಜಿ ಹಿಡಿದು ಓಡಾಡಬೇಕು. ಕಲಿಕಾ ನ್ಯೂನತೆ ಇರುವವರ ಪಾಡು ಇನ್ನೂ ವಿಚಿತ್ರ: ಕೇಂದ್ರದ 2018ರ ಮಾರ್ಗಸೂಚಿ ಪ್ರಕಾರ ಪ್ರಮಾಣಪತ್ರ ಮೊದಲು 8ನೇ ವಯಸ್ಸಿಗೆ, ಆಮೇಲೆ ಮತ್ತೆ 14ಕ್ಕೆ, 18ಕ್ಕೆ. ಅಂದರೆ ಅಡ್ಮಿಷನ್ ಓಡಾಟದ ಹೊತ್ತಿಗೇ ಡಿಸ್‌ಲೆಕ್ಸಿಯಾ ಇನ್ನೂ ಇದೆ ಅಂತ ಸಾಬೀತು ಮಾಡಬೇಕು!

ಪರೀಕ್ಷೆಯಲ್ಲಿ ಸೌಲಭ್ಯ ಮುಂದುವರಿಯುತ್ತೆ, ನಿಜ. ಗಂಟೆಗೆ 20 ನಿಮಿಷ ಹೆಚ್ಚುವರಿ, ಬೇಕಾದರೆ ಸ್ಕ್ರೈಬ್. ಅದೂ ಕೇಂದ್ರದ ಸಿಬ್ಬಂದಿಗೆ ಗೊತ್ತಿದ್ದರೆ. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಸಿಗಬೇಕಿದ್ದ ಒಂದು ಗಂಟೆ ಸಿಗಲಿಲ್ಲ. ಅದು ಅನ್ಯಾಯ ಅಂತ ಸುಪ್ರೀಂ ಕೋರ್ಟ್ ಒಪ್ಪಿತು, ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ.

ಅಷ್ಟಕ್ಕೂ ಕಾಲೇಜು ಅಂದರೆ ಪರೀಕ್ಷೆ ಮಾತ್ರವಾ? ಎಂಜಿನಿಯರಿಂಗ್ ಕ್ಲಾಸು ನೋಡಿ. ಬೋರ್ಡ್ ಮೇಲೆ ಸರ್ಕ್ಯೂಟ್ ಬರೆದು "ಇದನ್ನ ಇಲ್ಲಿಗೆ ಕನೆಕ್ಟ್ ಮಾಡಿದ್ರೆ" ಅನ್ನುವ ಲೆಕ್ಚರರ್. 'ಇದು' ಯಾವುದು, 'ಇಲ್ಲಿ' ಎಲ್ಲಿ ಅಂತ ಕಣ್ಣು ಕಾಣದವರಿಗೆ ಹೇಳೋರಿಲ್ಲ. ವಾಟ್ಸ್ಆ್ಯಪ್ ಗ್ರೂಪಿಗೆ ಬೀಳುವ ನೋಟ್ಸ್ ಕೈಬರಹದ ಸ್ಕ್ಯಾನ್. ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ. ಸ್ವಂತ ಸ್ಕ್ರೈಬ್ ಕರೆತಂದರೆ ಆತನ ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಅನ್ನುತ್ತಿತ್ತು 2018ರ ಪರೀಕ್ಷಾ ಮಾರ್ಗಸೂಚಿ. ಕಾಪಿ ತಡೆಯೋಕೆ, ಸರಿ. ಆದರೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಹೆಸರೇ ಕೇಳದವರಿಗೆ ಅದನ್ನು ಹೇಳಿ ಬರೆಸುವ ಹೊತ್ತಿಗೆ ಆ 20 ನಿಮಿಷ ಎಲ್ಲಿ ಉಳಿಯುತ್ತೆ?

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತೆ. ಯಾವ ಸೌಲಭ್ಯ ಪಡೆದು ಪರೀಕ್ಷೆ ಬರೆದರು ಅನ್ನುವ ದಾಖಲೆಯನ್ನೂ, ವಿದ್ಯಾರ್ಥಿ ಒಪ್ಪಿದರೆ, ಅದರ ಜೊತೆ ಕಾಲೇಜಿಗೆ ಕಳಿಸಬಹುದು. ಮೊದಲ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಪ್ರಿನ್ಸಿಪಾಲರ ಟೇಬಲ್ ಮೇಲೆ ಅದು ಇರಲಿ.